ಸಂರಕ್ಷಣಾ ಆದೇಶ ಉಲ್ಲಂಘಿಸಿದರೆ ಶಿಕ್ಷೆ ಏನು? ಯಾವ ಆದೇಶಕ್ಕೆ ಯಾವ ದಾರಿ?

ನ್ಯಾಯಾಲಯದ ಆದೇಶದ ಪ್ರತಿ ಕೈಸೇರಿದ ದಿನ ತಾಪತ್ರಯ ಮುಗಿಯಿತೆಂದು ನಿಟ್ಟುಸಿರು ಬಿಡುವ ಮಹಿಳೆಯರು ಅನೇಕರು. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಗಂಡ ಅದೇ ಬಾಗಿಲು ಬಡಿಯುತ್ತಾನೆ. ಆದೇಶದ ಪ್ರತಿ ಹಿಡಿದು ಪೊಲೀಸ್ ಠಾಣೆಗೆ ಹೋದರೆ ‘ಇದು ಕೋರ್ಟ್‌ನಲ್ಲಿರುವ ವಿಷಯ, ಅಲ್ಲಿಗೇ ಹೋಗಮ್ಮ’ ಎಂಬ ಉತ್ತರ ಸಿಗುತ್ತದೆ. ಕೋರ್ಟ್‌ಗೆ ಹೋದರೆ ಮುಂದಿನ ತಿಂಗಳ ದಿನಾಂಕ ಸಿಗುತ್ತದೆ. ಹಾಗಾದರೆ ಮ್ಯಾಜಿಸ್ಟ್ರೇಟರು ಸಹಿ ಮಾಡಿದ ಆ ಹಾಳೆಗೆ ಬೆಲೆಯೇ ಇಲ್ಲವೇ?

ಬೆಲೆ ಇದೆ. ಆದರೆ ಆದೇಶದ ಎಲ್ಲ ಸಾಲುಗಳಿಗೂ ಒಂದೇ ಬೆಲೆ ಇಲ್ಲ ಎಂಬುದು ಬಹುಮಂದಿಗೆ ತಿಳಿಯದ ಸಂಗತಿ. ಆದೇಶದ ಕೆಲವು ಸಾಲುಗಳನ್ನು ಮುರಿದರೆ ಅದು ನೇರವಾಗಿ ಅಪರಾಧ. ಪೊಲೀಸರು ಪ್ರಕರಣ ದಾಖಲಿಸಬೇಕು, ಜೈಲು ಶಿಕ್ಷೆಯೂ ಆಗಬಹುದು. ಅದೇ ಆದೇಶದ ಇನ್ನು ಕೆಲವು ಸಾಲುಗಳನ್ನು ಮುರಿದರೆ ಹಣ ವಸೂಲಿಯ ದಾರಿಯನ್ನೋ, ಜಾರಿಯ ದಾರಿಯನ್ನೋ ಹಿಡಿಯಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ತಪ್ಪು ಬಾಗಿಲು ತಟ್ಟಿ ತಿಂಗಳುಗಟ್ಟಲೆ ಅಲೆದವರಿದ್ದಾರೆ.

ಕಾಯ್ದೆಯ ಸ್ವರೂಪ

ಇಲ್ಲಿ ಹೇಳುತ್ತಿರುವುದು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಬಗ್ಗೆ. 2006ರ ಅಕ್ಟೋಬರ್ 26ರಂದು ಇದು ಜಾರಿಗೆ ಬಂದಿತು. ವಿಚ್ಛೇದನ ಮುಂತಾದ ವೈವಾಹಿಕ ವ್ಯಾಜ್ಯಗಳು ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುತ್ತವೆ. ಈ ಕಾಯ್ದೆಯ ಅರ್ಜಿ ಸಾಮಾನ್ಯವಾಗಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ, 12ನೇ ಸೆಕ್ಷನ್ ಅಡಿಯಲ್ಲಿ ಸಲ್ಲಿಕೆಯಾಗುತ್ತದೆ. ಕೌಟುಂಬಿಕ ನ್ಯಾಯಾಲಯದಲ್ಲಿ ಬೇರೆ ದಾವೆ ನಡೆಯುತ್ತಿದ್ದರೆ ಇದೇ ಪರಿಹಾರಗಳನ್ನು ಅಲ್ಲಿಯೂ ಕೇಳಬಹುದೆಂದು 26ನೇ ಸೆಕ್ಷನ್ ಹೇಳುತ್ತದೆ.

ಈ ಕಾಯ್ದೆಗೆ ಒಂದು ವೈಶಿಷ್ಟ್ಯವಿದೆ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಗಂಡ ಆರೋಪಿಯಾಗುವುದಿಲ್ಲ. ಕಾಯ್ದೆ ಅವನನ್ನು ‘ಪ್ರತಿವಾದಿ’ ಎಂದೇ ಕರೆಯುತ್ತದೆ. ವಿಚಾರಣೆಯ ಈ ಹಂತ ಸಿವಿಲ್ ಸ್ವರೂಪದ್ದು. ಅವನು ಆದೇಶವನ್ನು ಮುರಿದ ಕ್ಷಣದಲ್ಲಿ ಮಾತ್ರ ಕ್ರಿಮಿನಲ್ ಕಾನೂನು ಒಳಬರುತ್ತದೆ. ಮೊದಲು ತಿದ್ದಿಕೊಳ್ಳಲು ಅವಕಾಶ, ತಿದ್ದಿಕೊಳ್ಳದಿದ್ದರೆ ದಂಡನೆ ಎಂಬುದು ಶಾಸಕಾಂಗದ ಆಲೋಚನೆಯಾಗಿತ್ತೆಂದು ಕಾಣುತ್ತದೆ.

ಆ ದಂಡನೆ 31ನೇ ಸೆಕ್ಷನ್‌ನಲ್ಲಿದೆ. ಸಂರಕ್ಷಣಾ ಆದೇಶವನ್ನಾಗಲೀ ಮಧ್ಯಂತರ ಸಂರಕ್ಷಣಾ ಆದೇಶವನ್ನಾಗಲೀ ಪ್ರತಿವಾದಿ ಉಲ್ಲಂಘಿಸಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 20,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. 32ನೇ ಸೆಕ್ಷನ್ ಪ್ರಕಾರ ಈ ಅಪರಾಧ ಸಂಜ್ಞೇಯ ಹಾಗೂ ಜಾಮೀನುರಹಿತ. ಅಂದರೆ ಪೊಲೀಸರು ನ್ಯಾಯಾಲಯದ ಅನುಮತಿಗೆ ಕಾಯದೆ ಎಫ್‌ಐಆರ್ ದಾಖಲಿಸಬಹುದು. ಜಾಮೀನು ಆರೋಪಿಯ ಹಕ್ಕಲ್ಲ, ನ್ಯಾಯಾಲಯದ ವಿವೇಚನೆಗೆ ಬಿಟ್ಟ ವಿಷಯ. ಮಧ್ಯಂತರ ಆದೇಶ ‘ಕೊನೆಯ ತೀರ್ಪಲ್ಲ, ಆದ್ದರಿಂದ ಪಾಲಿಸಬೇಕಿಲ್ಲ’ ಎಂದು ತಿಳಿದವರಿದ್ದಾರೆ. ಅದು ತಪ್ಪು ತಿಳಿವಳಿಕೆ. 23ನೇ ಸೆಕ್ಷನ್ ಅಡಿಯಲ್ಲಿ ಏಕಪಕ್ಷೀಯವಾಗಿ ಹೊರಡಿಸಿದ ಮಧ್ಯಂತರ ಆದೇಶವೂ ಪ್ರತಿವಾದಿಗೆ ತಲುಪಿದ ಮೇಲೆ ಅಷ್ಟೇ ಬಲವುಳ್ಳದ್ದು.

ಒಂದು ಆದೇಶ, ನಾಲ್ಕು ಸಾಲು

ವ್ಯತ್ಯಾಸ ಅರ್ಥವಾಗಬೇಕಾದರೆ ಒಂದು ಕಾಲ್ಪನಿಕ ಪ್ರಸಂಗವನ್ನು ನೋಡೋಣ. ತಾಲ್ಲೂಕು ಕೇಂದ್ರವೊಂದರಲ್ಲಿ ಶಾಲಾ ಶಿಕ್ಷಕಿಯಾಗಿರುವ ಮಹಿಳೆ. ಮ್ಯಾಜಿಸ್ಟ್ರೇಟರು ಆಕೆಯ ಪರವಾಗಿ ನೀಡಿದ ಆದೇಶದಲ್ಲಿ ನಾಲ್ಕು ಅಂಶಗಳಿವೆ. ಗಂಡ ಆಕೆಯನ್ನು ಹೊಡೆಯಬಾರದು, ಬೈಯಬಾರದು, ಫೋನ್ ಮಾಡಬಾರದು, ಆಕೆ ಕೆಲಸ ಮಾಡುವ ಶಾಲೆಯ ಆವರಣಕ್ಕೆ ಬರಬಾರದು ಎಂಬುದು ಮೊದಲನೆಯದು. ಆಕೆಯನ್ನು ಮನೆಯಿಂದ ಹೊರಹಾಕಬಾರದು ಎಂಬುದು ಎರಡನೆಯದು. ತಿಂಗಳಿಗೆ 8,000 ರೂಪಾಯಿ ಕೊಡಬೇಕು ಎಂಬುದು ಮೂರನೆಯದು. ಮಗಳು ತಾಯಿಯ ವಶದಲ್ಲಿರಬೇಕು ಎಂಬುದು ಕೊನೆಯದು.

ಗಂಡ ನಾಲ್ಕನ್ನೂ ಮುರಿಯುತ್ತಾನೆ ಎಂದುಕೊಳ್ಳಿ. ತಮ್ಮನ ಮೊಬೈಲ್‌ನಿಂದ ದಿನಕ್ಕೆ ಹತ್ತು ಬಾರಿ ಕರೆ ಮಾಡುತ್ತಾನೆ. ಆಕೆ ಶಾಲೆಗೆ ಹೋದಾಗ ಮನೆಗೆ ಹೊಸ ಬೀಗ ಜಡಿಯುತ್ತಾನೆ. ಮೂರು ತಿಂಗಳಿಂದ ಹಣ ಕೊಟ್ಟಿಲ್ಲ. ಮಗಳನ್ನು ಶಾಲೆಯಿಂದಲೇ ಕರೆದುಕೊಂಡು ತನ್ನ ಊರಿಗೆ ಹೋಗುತ್ತಾನೆ.

ಜನಸಾಮಾನ್ಯರ ದೃಷ್ಟಿಯಲ್ಲಿ ನಾಲ್ಕೂ ಒಂದೇ: ಕೋರ್ಟ್ ಆದೇಶಕ್ಕೆ ಅವಮಾನ. ಕಾನೂನಿನ ದೃಷ್ಟಿಯಲ್ಲಿ ಹಾಗಲ್ಲ. 31ನೇ ಸೆಕ್ಷನ್ ಬಳಸುವ ಪದ ‘ಸಂರಕ್ಷಣಾ ಆದೇಶ’. ಆ ಪದಕ್ಕೆ ಕಾಯ್ದೆಯಲ್ಲಿ ನಿರ್ದಿಷ್ಟ ಅರ್ಥವಿದೆ: 18ನೇ ಸೆಕ್ಷನ್ ಅಡಿಯಲ್ಲಿ ಹೊರಡಿಸಿದ ಆದೇಶ. ವಾಸದ ಆದೇಶ 19ನೇ ಸೆಕ್ಷನ್‌ಗೆ, ಜೀವನಾಂಶವೂ ಸೇರಿದಂತೆ ಹಣಕಾಸಿನ ಪರಿಹಾರ 20ಕ್ಕೆ, ಮಕ್ಕಳ ಅಭಿರಕ್ಷೆ 21ಕ್ಕೆ, ನಷ್ಟ ಪರಿಹಾರ 22ಕ್ಕೆ ಸೇರಿದವು.

18ನೇ ಸೆಕ್ಷನ್ ಸಾಕಷ್ಟು ವಿಶಾಲವಾಗಿದೆ. ದೌರ್ಜನ್ಯ ಎಸಗುವುದು, ಅದಕ್ಕೆ ನೆರವು ನೀಡುವುದು, ಆಕೆಯ ಕೆಲಸದ ಸ್ಥಳಕ್ಕೋ ಆಕೆ ಸಾಮಾನ್ಯವಾಗಿ ಹೋಗಿಬರುವ ಜಾಗಕ್ಕೋ ಬರುವುದು, ನೊಂದವರು ಮಗುವಾಗಿದ್ದರೆ ಶಾಲೆಗೆ ಬರುವುದು, ಮುಖತಃ, ಪತ್ರ, ದೂರವಾಣಿ ಅಥವಾ ವಿದ್ಯುನ್ಮಾನ ಮಾಧ್ಯಮ ಹೀಗೆ ಯಾವುದೇ ಬಗೆಯಲ್ಲಿ ಸಂಪರ್ಕಿಸುವುದು, ಇವೆಲ್ಲವನ್ನೂ ಮ್ಯಾಜಿಸ್ಟ್ರೇಟರು ನಿರ್ಬಂಧಿಸಬಹುದು. ಜಂಟಿ ಬ್ಯಾಂಕ್ ಖಾತೆಯನ್ನು, ಲಾಕರನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಬಳಸುವುದು, ಸ್ತ್ರೀಧನವನ್ನು ಪರಭಾರೆ ಮಾಡುವುದು ಕೂಡ ಈ ಪಟ್ಟಿಯಲ್ಲಿವೆ. ಆಕೆಗೆ ಆಸರೆ ನೀಡಿದ ತವರಿನವರನ್ನು, ನೆರೆಯವರನ್ನು ಹಿಂಸಿಸದಂತೆ ತಡೆಯಲೂ ಅವಕಾಶವಿದೆ. ಕೊನೆಯಲ್ಲಿ ‘ಆದೇಶದಲ್ಲಿ ನಮೂದಿಸಿದ ಬೇರಾವುದೇ ಕೃತ್ಯ’ ಎಂಬ ತೆರೆದ ಬಾಗಿಲನ್ನೂ ಇಡಲಾಗಿದೆ.

ಹಾಗಾಗಿ ನಮ್ಮ ಶಿಕ್ಷಕಿಯ ಪ್ರಸಂಗದಲ್ಲಿ ತಮ್ಮನ ಮೊಬೈಲ್‌ನಿಂದ ಬಂದ ಕರೆ ನೇರ 31ನೇ ಸೆಕ್ಷನ್ ಅಪರಾಧ. ಫೋನ್ ಯಾರದ್ದು ಎಂಬುದು ಮುಖ್ಯವಲ್ಲ, ಮಾತನಾಡಿದವನು ಯಾರು ಎಂಬುದು ಮುಖ್ಯ. ಈ ಒಂದು ಅಂಶದ ಮೇಲೆ ಠಾಣೆಯಲ್ಲಿ ಎಫ್‌ಐಆರ್ ಕೇಳಲು ಆಕೆಗೆ ಪೂರ್ಣ ಅಧಿಕಾರವಿದೆ.

ಜೀವನಾಂಶದ ಬಾಕಿ: ಬೇರೆ ದಾರಿ

ಹಣದ ವಿಷಯದಲ್ಲಿಯೇ ಹೆಚ್ಚಿನ ಗೊಂದಲ. ಜೀವನಾಂಶ ಕೊಡದವನ ವಿರುದ್ಧ 31ನೇ ಸೆಕ್ಷನ್ ಅನ್ವಯವಾಗುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2015ರಲ್ಲಿ ಅಭಿಪ್ರಾಯಪಟ್ಟಿದೆ. ಕೇರಳ ಹೈಕೋರ್ಟ್ 2022ರಲ್ಲಿ, ದೆಹಲಿ ಹೈಕೋರ್ಟ್ 2023ರಲ್ಲಿ ಇದೇ ದಿಕ್ಕಿನಲ್ಲಿ ತೀರ್ಪು ನೀಡಿವೆ. ದಂಡನೆಯ ಕಾನೂನನ್ನು ಅದರ ಪದಗಳಾಚೆಗೆ ಹಿಗ್ಗಿಸಬಾರದು ಎಂಬುದು ಈ ತೀರ್ಪುಗಳ ತಿರುಳು. ‘ಆರ್ಥಿಕ ದೌರ್ಜನ್ಯ’ವೂ ಕೌಟುಂಬಿಕ ದೌರ್ಜನ್ಯದ ವ್ಯಾಖ್ಯೆಯೊಳಗೆ ಬರುವುದರಿಂದ ಹಣ ತಡೆಹಿಡಿಯುವುದೂ ಸಂರಕ್ಷಣಾ ಆದೇಶದ ಉಲ್ಲಂಘನೆಯೇ ಎಂಬ ಪ್ರತಿವಾದವಿದೆ; ಬೇರೆ ಕಡೆ ಆ ವಾದವನ್ನು ಒಪ್ಪಿದ ತೀರ್ಪುಗಳೂ ಇವೆ. ಆದರೆ ಕರ್ನಾಟಕದ ಕಕ್ಷಿದಾರರು ಇಲ್ಲಿನ ಹೈಕೋರ್ಟಿನ ನಿಲುವನ್ನು ಅರಿತೇ ಹೆಜ್ಜೆ ಇಡುವುದು ಲೇಸು.

ಹಾಗೆಂದು ಬಾಕಿ ಉಳಿಸಿಕೊಂಡವನು ಪಾರಾದನೆಂದು ಅರ್ಥವಲ್ಲ. 20ನೇ ಸೆಕ್ಷನ್‌ನ 6ನೇ ಉಪವಿಧಿಯಂತೆ ಮ್ಯಾಜಿಸ್ಟ್ರೇಟರು ಅವನ ಉದ್ಯೋಗದಾತರಿಗೆ, ಅವನಿಗೆ ಹಣ ಕೊಡಬೇಕಾದ ಸಾಲಗಾರರಿಗೆ ನೇರವಾಗಿ ಆದೇಶ ನೀಡಿ ಸಂಬಳದ ಅಥವಾ ಸಾಲದ ಒಂದು ಭಾಗವನ್ನು ಆಕೆಗೆ ಪಾವತಿಸುವಂತೆ ಸೂಚಿಸಬಹುದು. ಸಂಬಳದಾರನಿಗೆ ಇದಕ್ಕಿಂತ ಚುರುಕಾದ ಮದ್ದು ಇನ್ನೊಂದಿಲ್ಲ.

ಎರಡನೆಯದಾಗಿ, 2006ರ ನಿಯಮಗಳ 6ನೇ ನಿಯಮವು ಈ ಆದೇಶಗಳನ್ನು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್‌ನ ರೀತಿಯಲ್ಲಿ ಜಾರಿಗೊಳಿಸಬೇಕೆಂದು ಹೇಳುತ್ತದೆ. 2024ರ ಜುಲೈ 1ರಿಂದ ಆ ಸೆಕ್ಷನ್‌ನ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಬಂದಿದೆ. ಇದರಂತೆ ನ್ಯಾಯಾಲಯ ದಂಡ ವಸೂಲಿ ಮಾಡುವ ರೀತಿಯಲ್ಲಿ ವಾರಂಟ್ ಹೊರಡಿಸಬಹುದು. ವಾರಂಟ್ ಜಾರಿಯಾದ ಮೇಲೂ ಬಾಕಿ ಉಳಿದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಅಥವಾ ಹಣ ಕಟ್ಟುವವರೆಗೆ ಸೆರೆಮನೆಗೆ ಕಳುಹಿಸಬಹುದು. ಜೈಲು ವಾಸ ಅನುಭವಿಸಿದ ಮಾತ್ರಕ್ಕೆ ಬಾಕಿ ತೀರುವುದಿಲ್ಲ, ಜೈಲು ವಸೂಲಿಯ ಒಂದು ವಿಧಾನವೇ ಹೊರತು ಹಣಕ್ಕೆ ಬದಲಿಯಲ್ಲ ಎಂದು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಸ್ಪಷ್ಟಪಡಿಸಿದೆ. ‘ಒಂದು ತಿಂಗಳು ಒಳಗಿದ್ದು ಬಂದರೆ ಲೆಕ್ಕ ಚುಕ್ತಾ’ ಎಂದು ಲೆಕ್ಕ ಹಾಕುವವರು ಇದನ್ನು ಗಮನಿಸಬೇಕು.

ಇಲ್ಲಿ ಕಾಲಮಿತಿಯ ಒಂದು ಮುಳ್ಳಿದೆ. ವಾರಂಟ್ ಕೋರುವ ಅರ್ಜಿಯನ್ನು ಆಯಾ ಬಾಕಿ ಪಾವತಿಗೆ ಬಂದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು. ‘ಒಟ್ಟಿಗೆ ಕೊಡುತ್ತೇನೆ’ ಎಂಬ ಮಾತು ನಂಬಿ ಎರಡು ಮೂರು ವರ್ಷ ಸುಮ್ಮನಿದ್ದರೆ ಹಳೆಯ ಬಾಕಿಗೆ ಈ ದಾರಿ ಮುಚ್ಚಿಹೋಗುವ ಅಪಾಯವಿದೆ. ಜೀವನಾಂಶದ ಆದೇಶವನ್ನು ಸಿವಿಲ್ ನ್ಯಾಯಾಲಯದ ಹಣದ ಡಿಕ್ರಿಯಂತೆಯೂ ಜಾರಿಗೊಳಿಸಬಹುದೆಂದು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರ ತೀರ್ಪಿನಲ್ಲಿ ಹೇಳಿರುವುದು ಅಂಥವರಿಗೆ ಒಂದು ಆಸರೆ.

ಬೀಗ ಜಡಿದ ಮನೆ, ಕರೆದೊಯ್ದ ಮಗು

ವಾಸದ ಆದೇಶದ ಸ್ಥಿತಿ ಇವೆರಡರ ನಡುವಿನದು. ಅದು 19ನೇ ಸೆಕ್ಷನ್‌ಗೆ ಸೇರಿದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ‘ಸಂರಕ್ಷಣಾ ಆದೇಶ’ವಲ್ಲ. ಆದರೆ ಅದೇ ಸೆಕ್ಷನ್ ತನ್ನದೇ ಹಲ್ಲುಗಳನ್ನು ಹೊಂದಿದೆ. ದೌರ್ಜನ್ಯ ಎಸಗದಂತೆ ಜಾಮೀನುದಾರರೊಡನೆಯಾಗಲೀ ಇಲ್ಲದೆಯಾಗಲೀ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಆಕೆಗೆ ರಕ್ಷಣೆ ನೀಡುವಂತೆ, ಆದೇಶ ಜಾರಿಗೆ ನೆರವಾಗುವಂತೆ ಹತ್ತಿರದ ಠಾಣಾಧಿಕಾರಿಗೆ ನಿರ್ದೇಶಿಸಬಹುದು. ಇಂಥ ನಿರ್ದೇಶನ ಮೂಲ ಆದೇಶದಲ್ಲಿ ಇಲ್ಲದಿದ್ದರೆ ಪ್ರತ್ಯೇಕ ಅರ್ಜಿ ಹಾಕಿ ಕೇಳಬೇಕು. ವಕೀಲರು ಈ ಒಂದು ಸಾಲನ್ನು ಆರಂಭದಲ್ಲಿಯೇ ಕೇಳಿ ಪಡೆದಿದ್ದರೆ ಮುಂದೆ ಎಷ್ಟೋ ಅಲೆದಾಟ ತಪ್ಪುತ್ತದೆ.

ಇದಲ್ಲದೆ 15ನೇ ನಿಯಮದಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ವಾಕ್ಯವಿದೆ. ಕಾಯ್ದೆಯಡಿ ನ್ಯಾಯಾಲಯ ನೀಡಿದ ಆದೇಶಗಳ ಜಾರಿಗೆ ಪ್ರತಿವಾದಿಯಾಗಲೀ ಅವನ ಪರವಾಗಿ ಮತ್ತೊಬ್ಬರಾಗಲೀ ಪ್ರತಿರೋಧ ಒಡ್ಡಿದರೆ ಅದನ್ನು ಸಂರಕ್ಷಣಾ ಆದೇಶದ ಉಲ್ಲಂಘನೆಯೆಂದೇ ಭಾವಿಸಬೇಕು ಎನ್ನುತ್ತದೆ ಅದು. ಪೊಲೀಸರೊಡನೆ ಬೀಗ ತೆಗೆಸಲು ಹೋದ ಸಂರಕ್ಷಣಾಧಿಕಾರಿಯನ್ನು ಅತ್ತೆಯೋ ಮೈದುನನೋ ಬಾಗಿಲಲ್ಲಿ ತಡೆದರೆ ಈ ನಿಯಮವನ್ನು ಮುಂದಿಟ್ಟು ವಾದಿಸಬಹುದು. ‘ಮನೆ ನನ್ನ ಹೆಸರಿನಲ್ಲಿದೆ, ಸೊಸೆಗೆ ಹಕ್ಕಿಲ್ಲ’ ಎಂಬ ಅತ್ತೆ–ಮಾವಂದಿರ ವಾದವೂ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. 2006ರ ತೀರ್ಪೊಂದರಲ್ಲಿ ಆ ವಾದವನ್ನು ಒಪ್ಪಿದ್ದ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 15ರಂದು ಅದನ್ನು ಬದಿಗೆ ಸರಿಸಿ, ಗಂಡನ ಬಂಧುಗಳಿಗೆ ಸೇರಿದ ಮನೆಯೂ ಆಕೆ ಬಾಳಿದ ‘ಸಹವಾಸದ ಮನೆ’ಯಾಗಬಹುದು ಎಂದಿದೆ.

ಮಗಳನ್ನು ಕರೆದೊಯ್ದ ವಿಷಯದಲ್ಲಿ ತ್ವರಿತವಾಗಿ ಅದೇ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಸಲ್ಲಿಸಬೇಕು. ತುರ್ತು ಇದ್ದರೆ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯ ದಾರಿಯನ್ನೂ ವಕೀಲರು ಸೂಚಿಸುವುದುಂಟು. ಮಗುವಿನ ಶಾಲೆಗೆ ಬರಬಾರದೆಂಬ ಸಾಲನ್ನು 18ನೇ ಸೆಕ್ಷನ್ ಅಡಿಯಲ್ಲಿಯೂ ಸೇರಿಸಿದ್ದರೆ ಆಗ 31ನೇ ಸೆಕ್ಷನ್ ಬಾಗಿಲು ತೆರೆದಿರುತ್ತದೆ.

ಠಾಣೆಯಲ್ಲಿ ಏನು ನಡೆಯಬೇಕು

ಉಲ್ಲಂಘನೆಯಾದಾಗ ದೂರು ನೀಡಲು ಮೂರು ಬಾಗಿಲುಗಳಿವೆ: ಸಂರಕ್ಷಣಾಧಿಕಾರಿ, ಪೊಲೀಸ್ ಠಾಣೆ, ಮ್ಯಾಜಿಸ್ಟ್ರೇಟ್. ಯಾವುದನ್ನಾದರೂ ಆರಿಸಿಕೊಳ್ಳುವ ಸ್ವಾತಂತ್ರ್ಯ ಮಹಿಳೆಗಿದೆ. ಸಂರಕ್ಷಣಾಧಿಕಾರಿಗೆ ದೂರು ನೀಡುವುದಾದರೆ ಅದು ಬರವಣಿಗೆಯಲ್ಲಿರಬೇಕು, ಆಕೆಯ ಸಹಿ ಇರಬೇಕು. ಅವರು ಅದರ ಪ್ರತಿಯನ್ನು ಆದೇಶದ ಪ್ರತಿಯೊಡನೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಆದೇಶ ಉಲ್ಲಂಘನೆಯಾದ ಬಳಿಕ ಆಕೆ ನೆರವು ಕೋರಿದರೆ ಸ್ಥಳೀಯ ಠಾಣೆಯ ಸಹಾಯದಿಂದ ಕೂಡಲೇ ಆಕೆಯನ್ನು ರಕ್ಷಿಸಿ, ದೂರು ದಾಖಲಿಸಲು ನೆರವಾಗುವುದು ಸಂರಕ್ಷಣಾಧಿಕಾರಿಯ ಕರ್ತವ್ಯವೆಂದು 15ನೇ ನಿಯಮ ಹೇಳುತ್ತದೆ.

ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿಡಿಪಿಒ) ಸಂರಕ್ಷಣಾಧಿಕಾರಿಗಳ ಹೊಣೆಯನ್ನೂ ಹೊತ್ತಿದ್ದಾರೆ. ಅಂಗನವಾಡಿಗಳ ಮೇಲ್ವಿಚಾರಣೆ, ಪೌಷ್ಟಿಕ ಆಹಾರದ ಲೆಕ್ಕ, ಹತ್ತಾರು ಯೋಜನೆಗಳ ಕಡತಗಳ ನಡುವೆ ಈ ಕೆಲಸಕ್ಕೆ ಅವರು ಎಷ್ಟು ಸಮಯ ಕೊಡಬಲ್ಲರು ಎಂಬುದು ಬೇರೆಯೇ ಪ್ರಶ್ನೆ. ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನಿಯೋಜಿಸುವಂತೆ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಬೇಕಾಯಿತೆಂದರೆ ದೇಶದಾದ್ಯಂತ ಪರಿಸ್ಥಿತಿ ಹೇಗಿತ್ತೆಂಬುದನ್ನು ಊಹಿಸಬಹುದು.

ಠಾಣೆಯ ವಿಷಯಕ್ಕೆ ಬರೋಣ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2013ರ ನವೆಂಬರ್ 12ರಂದು ತೀರ್ಪು ನೀಡಿದೆ. ವೈವಾಹಿಕ ವ್ಯಾಜ್ಯಗಳಲ್ಲಿ ಪ್ರಾಥಮಿಕ ವಿಚಾರಣೆ ನಡೆಸಬಹುದೆಂದು ಅದೇ ತೀರ್ಪಿನಲ್ಲಿರುವ ಮಾತನ್ನು ಪೊಲೀಸರು ಆಗಾಗ ಎತ್ತಿ ತೋರಿಸುತ್ತಾರೆ. ಆದರೆ ಇಲ್ಲಿ ದೌರ್ಜನ್ಯದ ಬಗ್ಗೆ ನ್ಯಾಯಾಲಯ ಈಗಾಗಲೇ ಮೇಲ್ನೋಟಕ್ಕಾದರೂ ಮನಗಂಡು ಆದೇಶ ನೀಡಿರುತ್ತದೆ. ಆದೇಶ ಊರ್ಜಿತದಲ್ಲಿದೆಯೇ, ಅವನಿಗೆ ತಲುಪಿದೆಯೇ, ಅವನು ಅದನ್ನು ಮುರಿದಿದ್ದಾನೆಂದು ದೂರಿನಲ್ಲಿ ಹೇಳಿದೆಯೇ ಎಂಬಿಷ್ಟನ್ನು ನೋಡಿದರೆ ಸಾಕು. ಇಬ್ಬರನ್ನೂ ಕೂರಿಸಿ ‘ಹೊಂದಿಕೊಂಡು ಹೋಗಿ’ ಎಂದು ಬುದ್ಧಿ ಹೇಳುವ ಘಟ್ಟ ಅದಲ್ಲ ಎಂಬುದು ಈ ವರದಿಗಾರನ ಅಭಿಪ್ರಾಯ.

ದೂರು ಸ್ವೀಕರಿಸದೆ ‘ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಪರಿಹಾರ ಪಡೆಯಿರಿ’ ಎಂದು ಹಿಂಬರಹ ಕೊಟ್ಟರೆ ಅದನ್ನು ಹರಿದೆಸೆಯಬಾರದು. ಆ ಹಿಂಬರಹವೇ ಮುಂದಿನ ಹೆಜ್ಜೆಗೆ ದಾಖಲೆ. ದೂರಿನ ಸಾರವನ್ನು ಬರಹದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯ ಮೂಲಕ ಕಳುಹಿಸಬಹುದು. ಅಲ್ಲಿಯೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಈ ಕ್ರಮವನ್ನು ವಿವರಿಸುತ್ತದೆ. ಉಲ್ಲಂಘನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ನೀಡಬಹುದೆಂದು ಅದೇ ಸೆಕ್ಷನ್ ಹೇಳುತ್ತದೆ. ಆದೇಶವೂ ಒಂದು ತಾಲ್ಲೂಕಿಗೆ ಸೀಮಿತವಲ್ಲ; ಕಲಬುರಗಿಯಲ್ಲಿ ಪಡೆದ ಆದೇಶ ಮುಂಬೈಯಲ್ಲಿಯೂ ಮಡಿಕೇರಿಯಲ್ಲಿಯೂ ಊರ್ಜಿತ. 27ನೇ ಸೆಕ್ಷನ್ ಪ್ರಕಾರ ಅದು ಇಡೀ ದೇಶದಲ್ಲಿ ಜಾರಿಗೊಳಿಸಲು ಅರ್ಹ.

ಬಂಧನ, ಜಾಮೀನು, ವಿಚಾರಣೆ

ಜಾಮೀನುರಹಿತ ಎಂದಾಕ್ಷಣ ಆ ರಾತ್ರಿಯೇ ಗಂಡನನ್ನು ಒಳಗೆ ಹಾಕುತ್ತಾರೆಂದು ಭಾವಿಸಬಾರದು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಂತ್ರಿಕವಾಗಿ ನಡೆಯಬಾರದು, ಅದರ ಅಗತ್ಯವನ್ನು ಪೊಲೀಸರು ಕಾರಣ ಸಹಿತ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2014ರ ಜುಲೈ 2ರಂದು ನೀಡಿದ ಮಾರ್ಗಸೂಚಿ ಇಲ್ಲಿಯೂ ಅನ್ವಯ. ಅಪಾಯ ಮರುಕಳಿಸುವಂತಿದ್ದರೆ ಆ ಕಾರಣವನ್ನು ದೂರಿನಲ್ಲಿಯೇ ಸ್ಪಷ್ಟವಾಗಿ ಬರೆಯಬೇಕು: ‘ಮತ್ತೆ ಬಂದು ಕೊಲ್ಲುವುದಾಗಿ ಹೇಳಿದ್ದಾನೆ’, ‘ಮನೆಯ ಸುತ್ತ ಓಡಾಡುತ್ತಿದ್ದಾನೆ’ ಎಂಬಂಥ ಮಾತುಗಳು ಬಾಯಿಮಾತಿನಲ್ಲಿ ಉಳಿದರೆ ಪ್ರಯೋಜನವಿಲ್ಲ.

ಜಾಮೀನು ನೀಡುವಾಗ ನ್ಯಾಯಾಲಯ ಷರತ್ತುಗಳನ್ನು ವಿಧಿಸಬಹುದು. ಆಕೆಯನ್ನು ಬೆದರಿಸಬಾರದು, ಫೋನ್ ಮಾಡಬಾರದು, ಮನೆಯಿಂದ ದೂರವಿರಬೇಕು, ಆಯುಧ ಇಟ್ಟುಕೊಳ್ಳಬಾರದು ಎಂಬವು 15ನೇ ನಿಯಮದಲ್ಲಿ ಹೆಸರಿಸಿದ ಷರತ್ತುಗಳು. ಮದ್ಯಪಾನ ಮಾಡಬಾರದೆಂಬ ಷರತ್ತನ್ನೂ ವಿಧಿಸಬಹುದೆಂದು ನಿಯಮ ಹೇಳುತ್ತದೆ. ಇವುಗಳನ್ನು ಮುರಿದರೆ ಜಾಮೀನು ರದ್ದತಿಗೆ ಅರ್ಜಿ ಹಾಕಬಹುದು. ಪ್ರತಿವಾದಿ ಸರ್ಕಾರಿ ನೌಕರನಾಗಿದ್ದರೆ ಮತ್ತೊಂದು ಪರಿಣಾಮವಿದೆ. 48 ಗಂಟೆಗಳಿಗೂ ಮೀರಿ ಬಂಧನದಲ್ಲಿದ್ದವನು ಸೇವಾ ನಿಯಮಗಳಂತೆ ಅಮಾನತಿಗೆ ಒಳಗಾಗುತ್ತಾನೆ.

ಆದೇಶ ನೀಡಿದ ಮ್ಯಾಜಿಸ್ಟ್ರೇಟರೇ ಸಾಧ್ಯವಾದ ಮಟ್ಟಿಗೆ ಉಲ್ಲಂಘನೆಯ ವಿಚಾರಣೆಯನ್ನೂ ನಡೆಸಬೇಕು. ಸಂಗತಿಗಳು ಪೂರಕವಾಗಿದ್ದರೆ ಕ್ರೌರ್ಯದ ಅಪರಾಧ, ವರದಕ್ಷಿಣೆ ನಿಷೇಧ ಕಾಯ್ದೆಯ ಅಪರಾಧಗಳಿಗೂ ದೋಷಾರೋಪ ಹೊರಿಸಬಹುದು. ಕ್ರೌರ್ಯದ ಅಪರಾಧವೆಂದರೆ ಹಳೆಯ ಭಾರತೀಯ ದಂಡ ಸಂಹಿತೆಯ 498ಎ; 2024ರ ಜುಲೈ 1ರ ನಂತರದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್. ಇದಕ್ಕೆ ಮೂರು ವರ್ಷದವರೆಗೆ ಶಿಕ್ಷೆಯಿದೆ. 31ನೇ ಸೆಕ್ಷನ್‌ನ ಅಪರಾಧವನ್ನು ಪ್ರತ್ಯೇಕಿಸಿ ಸಂಕ್ಷಿಪ್ತ ವಿಚಾರಣೆ ನಡೆಸಲು ನಿಯಮದಲ್ಲಿ ಅವಕಾಶವಿದೆ. ಸಂಕ್ಷಿಪ್ತ ವಿಚಾರಣೆಯಲ್ಲಿ ಮೂರು ತಿಂಗಳಿಗಿಂತ ಹೆಚ್ಚಿನ ಸೆರೆವಾಸ ವಿಧಿಸುವಂತಿಲ್ಲ ಎಂಬುದು ಸಾಮಾನ್ಯ ಕಾನೂನು. ಬೇಗ ಮುಗಿಯಬೇಕೋ, ಶಿಕ್ಷೆ ಹೆಚ್ಚಾಗಬೇಕೋ ಎಂಬ ತಕ್ಕಡಿ ಇಲ್ಲಿದೆ.

ಸಾಕ್ಷ್ಯದ ವಿಷಯದಲ್ಲಿ ಕಾನೂನು ಮಹಿಳೆಗೆ ಅನುಕೂಲವಾಗಿದೆ. ನಾಲ್ಕು ಗೋಡೆಗಳ ನಡುವೆ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ 32ನೇ ಸೆಕ್ಷನ್ ಉತ್ತರ ನೀಡಿದೆ: ನೊಂದ ಮಹಿಳೆಯ ಏಕೈಕ ಸಾಕ್ಷ್ಯದ ಆಧಾರದಲ್ಲಿಯೇ ಅಪರಾಧ ನಡೆದಿದೆ ಎಂಬ ತೀರ್ಮಾನಕ್ಕೆ ನ್ಯಾಯಾಲಯ ಬರಬಹುದು. ಆ ಸಾಕ್ಷ್ಯ ನಂಬಲರ್ಹವಾಗಿರಬೇಕು ಎಂಬುದಂತೂ ಇದ್ದೇ ಇದೆ. ಆದ್ದರಿಂದ ಕರೆಗಳ ದಿನಾಂಕ, ವೇಳೆಯನ್ನು ಅಂದಂದೇ ಬರೆದಿಡುವುದು, ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದಿರುವುದು ಒಳಿತು. ಮುದ್ರಿತ ಪ್ರತಿ ಮಾತ್ರ ಕೊಟ್ಟರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರ ಬೇಕು. ಸಂದೇಶ ಬಂದ ಮೊಬೈಲನ್ನು ಮಾರಿಬಿಡುವುದಂತೂ ಸಲ್ಲದು.

ಪ್ರತಿವಾದಿಗೆ ಆದೇಶ ತಲುಪಿದ್ದಕ್ಕೆ ದಾಖಲೆ ಇದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ‘ನನಗೆ ಆದೇಶದ ವಿಷಯವೇ ಗೊತ್ತಿರಲಿಲ್ಲ’ ಎಂಬುದು ಇಂಥ ಪ್ರಕರಣಗಳಲ್ಲಿ ನಿರೀಕ್ಷಿಸಬೇಕಾದ ಮೊದಲ ವಾದ. 24ನೇ ಸೆಕ್ಷನ್ ಪ್ರಕಾರ ಆದೇಶದ ಪ್ರತಿಯನ್ನು ಪಕ್ಷಕಾರರಿಗೂ ಸಂಬಂಧಪಟ್ಟ ಠಾಣಾಧಿಕಾರಿಗೂ ನ್ಯಾಯಾಲಯವೇ ಉಚಿತವಾಗಿ ನೀಡಬೇಕು. ಠಾಣೆಗೆ ಪ್ರತಿ ಹೋಗಿದೆಯೇ ಎಂದು ಒಮ್ಮೆ ವಿಚಾರಿಸಿ, ಹೋಗಿಲ್ಲದಿದ್ದರೆ ದೃಢೀಕೃತ ಪ್ರತಿಯೊಂದನ್ನು ತಾವೇ ಕೊಟ್ಟು ಸ್ವೀಕೃತಿ ಪಡೆಯುವುದು ಜಾಣತನ.

ಎಷ್ಟು ದಿನದೊಳಗೆ?

ಹಳೆಯ ದೌರ್ಜನ್ಯದ ಬಗ್ಗೆ ಈಗ ಅರ್ಜಿ ಹಾಕಿದರೆ ಕಾಲಮಿತಿ ಮೀರಿದೆ ಎಂಬ ತಕರಾರು ಬಹುಕಾಲ ಕೇಳಿಬರುತ್ತಿತ್ತು. 2022ರ ಏಪ್ರಿಲ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತೆರೆ ಎಳೆದಿದೆ. 12ನೇ ಸೆಕ್ಷನ್‌ನ ಅರ್ಜಿಗೆ ದಂಡ ಪ್ರಕ್ರಿಯಾ ಸಂಹಿತೆಯ ಕಾಲಮಿತಿ ಅನ್ವಯಿಸುವುದಿಲ್ಲ. ಅಪರಾಧವೆಂಬುದು ಹುಟ್ಟುವುದೇ ಆದೇಶ ಉಲ್ಲಂಘನೆಯಾದಾಗ, ಆದ್ದರಿಂದ ಕಾಲಮಿತಿಯ ಲೆಕ್ಕ ಉಲ್ಲಂಘನೆಯ ದಿನದಿಂದ ಆರಂಭ. ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಕಾಲಮಿತಿ ಒಂದು ವರ್ಷ. ಮರೆಯಬಾರದ ಅವಧಿ ಇದು.

ಪ್ರತಿವಾದಿಗೂ ದಾರಿಗಳಿವೆ

ಆದೇಶ ತಪ್ಪೆಂದು ಅನಿಸಿದರೆ 29ನೇ ಸೆಕ್ಷನ್ ಅಡಿಯಲ್ಲಿ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಹಾಕಿದ್ದೇನೆ ಎಂಬುದು ಆದೇಶ ಮುರಿಯಲು ರಹದಾರಿಯಲ್ಲ. ತಡೆಯಾಜ್ಞೆ ಸಿಗುವವರೆಗೆ ಪಾಲನೆ ಕಡ್ಡಾಯ. ಪರಿಸ್ಥಿತಿ ಬದಲಾಗಿದ್ದರೆ 25ನೇ ಸೆಕ್ಷನ್ ಪ್ರಕಾರ ಮಾರ್ಪಾಟು ಅಥವಾ ರದ್ದತಿ ಕೋರಬಹುದು. ಈ ಬಗ್ಗೆ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಮಹತ್ವದ ತೀರ್ಪು ನೀಡಿತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಬದಲಾದ ಪರಿಸ್ಥಿತಿ ಮೂಲ ಆದೇಶದ ನಂತರದ್ದಾಗಿರಬೇಕು, ಮಾರ್ಪಾಟು ಮುಂದಿನ ದಿನಗಳಿಗೆ ಮಾತ್ರ ಅನ್ವಯ, ಹಿಂದೆ ಕೊಟ್ಟ ಹಣವನ್ನು ವಾಪಸ್ ಕೇಳುವಂತಿಲ್ಲ ಎಂದಿತು.

ಆದೇಶಕ್ಕೆ ಗುರಿಯಾಗುವವರು ಗಂಡಸರು ಮಾತ್ರವೇ? ಕಾಯ್ದೆಯ ‘ಪ್ರತಿವಾದಿ’ ವ್ಯಾಖ್ಯೆಯಲ್ಲಿದ್ದ ‘ವಯಸ್ಕ ಪುರುಷ’ ಎಂಬ ಪದಗಳನ್ನು ಸುಪ್ರೀಂ ಕೋರ್ಟ್ 2016ರ ಅಕ್ಟೋಬರ್ 6ರಂದು ತೆಗೆದುಹಾಕಿದ್ದರಿಂದ ಅತ್ತೆ, ನಾದಿನಿಯರೂ ಪ್ರತಿವಾದಿಗಳಾಗಬಹುದು. ಅವರ ವಿರುದ್ಧ ಆದೇಶವಿದ್ದು ಅದನ್ನು ಅವರು ಮುರಿದರೆ ಅವರಿಗೂ ಶಿಕ್ಷೆ ತಪ್ಪಿದ್ದಲ್ಲ. ಆದರೆ ಮನೆಯಿಂದ ಹೊರಹೋಗುವಂತೆ ಮಹಿಳೆಯ ಮೇಲೆ ವಾಸದ ಆದೇಶ ಹೊರಡಿಸುವಂತಿಲ್ಲ.

ಹಬ್ಬಕ್ಕೋ ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ಮಾತು ಕೇಳಿ ಆಕೆಯೇ ಅವನನ್ನು ಮನೆಗೆ ಕರೆದರೆ ಏನಾಗುತ್ತದೆ ಎಂಬ ಪ್ರಶ್ನೆ ಅನೇಕರಿಗೆ ಬರುವುದುಂಟು. 31ನೇ ಸೆಕ್ಷನ್ ಪ್ರತಿವಾದಿಯನ್ನು ಮಾತ್ರ ದಂಡಿಸುತ್ತದೆ, ಆಕೆಯನ್ನಲ್ಲ. ಆಕೆ ಅರ್ಜಿ ಸಲ್ಲಿಸಿ ರದ್ದುಪಡಿಸಿಕೊಳ್ಳುವವರೆಗೆ ಸಂರಕ್ಷಣಾ ಆದೇಶ ಊರ್ಜಿತದಲ್ಲಿಯೇ ಇರುತ್ತದೆ. ಆದರೂ ‘ಅವಳೇ ಕರೆದಳು’ ಎಂಬ ವಾದ ಮುಂದಿನ ಪ್ರಕರಣವನ್ನು ದುರ್ಬಲಗೊಳಿಸಬಲ್ಲದು. ನಿಜವಾಗಿಯೂ ಒಂದಾಗುವ ಮನಸ್ಸಿದ್ದರೆ ನ್ಯಾಯಾಲಯಕ್ಕೆ ತಿಳಿಸಿಯೇ ಆದೇಶವನ್ನು ಬದಲಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ. 31ನೇ ಸೆಕ್ಷನ್ ಪ್ರಕರಣ ದಾಖಲಾದ ಮೇಲೆ ರಾಜಿಯಾದರೆ ಠಾಣೆಯಲ್ಲಿ ‘ಕೇಸ್ ವಾಪಸ್’ ಎಂದು ಬರೆದುಕೊಟ್ಟರೆ ಸಾಲದು. ಅದರ ರದ್ದತಿಗೆ ಹೈಕೋರ್ಟ್ ಮೆಟ್ಟಿಲೇರಬೇಕಾಗುತ್ತದೆ.

ಕೊನೆಯದಾಗಿ ಅಧಿಕಾರಿಗಳ ಹೊಣೆ. ಮ್ಯಾಜಿಸ್ಟ್ರೇಟರು ಆದೇಶದಲ್ಲಿ ಸೂಚಿಸಿದ ಕರ್ತವ್ಯವನ್ನು ಸಕಾರಣವಿಲ್ಲದೆ ನಿರ್ವಹಿಸದ ಸಂರಕ್ಷಣಾಧಿಕಾರಿಗೂ 33ನೇ ಸೆಕ್ಷನ್ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆದೇಶ ಮುರಿದವನಿಗೂ ಇಷ್ಟೇ ಶಿಕ್ಷೆ ಎಂಬುದು ಗಮನಾರ್ಹ. ಆದರೆ ಅಂಥ ಅಧಿಕಾರಿಯ ವಿರುದ್ಧ ಮೊಕದ್ದಮೆ ಹೂಡಲು ರಾಜ್ಯ ಸರ್ಕಾರದ ಅಥವಾ ಅದು ಅಧಿಕಾರ ನೀಡಿದವರ ಪೂರ್ವಾನುಮತಿ ಬೇಕು.

ವಕೀಲರನ್ನು ನೇಮಿಸಿಕೊಳ್ಳಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು. ಉಚಿತ ಕಾನೂನು ನೆರವು ಪಡೆಯಲು ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ಕಾನೂನು ನೆರವಿನ ಸಹಾಯವಾಣಿ 15100, ಮಹಿಳಾ ಸಹಾಯವಾಣಿ 181, ತುರ್ತು ಪೊಲೀಸ್ ನೆರವಿಗೆ 112. ಕರೆ ಮಾಡುವಾಗ ಆದೇಶದ ದಿನಾಂಕ, ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ ಮತ್ತು ಮುರಿದ ಸಾಲು ಯಾವ ಸೆಕ್ಷನ್‌ನದು ಎಂಬುದನ್ನು ಕೈಯಳತೆಯಲ್ಲಿ ಇಟ್ಟುಕೊಂಡಿರಬೇಕು.